ಕಂದು ಕೋಟಿನ ನುಸಿ

"ಲೋಟ ಎತ್ತಬೇಡಿ ಮಾವ, ಓಡಿಹೋಗ್ತದೆ!"

ಸ್ವರ್ಣಲತಾ ಅಷ್ಟು ಹೇಳಿದ್ದೇ ತಡ, ಇನ್ಸ್‌ಪೆಕ್ಟರ್ ಮುಂಡಪ್ಪ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಮೇಜಿನ ಮೇಲೆ ಕವುಚಿ ಇಟ್ಟ ಗಾಜಿನ ಲೋಟದೊಳಗೆ ಒಂದು ಪುಟ್ಟ ಕಂದು ಪತಂಗ ಅಂಚಿನುದ್ದಕ್ಕೂ ಸರಸರನೆ ಓಡುತ್ತಿತ್ತು. ರೆಕ್ಕೆ ಮಡಚಿದರೆ ಅಕ್ಕಿಕಾಳಿಗಿಂತ ತುಸು ದೊಡ್ಡದು, ಅಷ್ಟೆ.

"ಇದಕ್ಕೆ ಇಷ್ಟು ಉಪಚಾರ ಎಂತಕ್ಕೆ ಮಾರಾಯ್ತಿ? ಅಕ್ಕಿ ಡಬ್ಬಿಯ ಮುಚ್ಚಳ ತೆಗೆದರೆ ಇಂಥದ್ದು ಹತ್ತು ಹಾರ್ತವೆ."

"ಅಕ್ಕಿಯ ಪತಂಗ ಬೇರೆ, ಇದು ಬೇರೆ. ನೀವು ಕೋಟು ಕೊಡವಿದಾಗ ಇದು ಎತ್ತ ಹೋಯಿತು, ಬೆಳಕಿನ ಕಡೆಗಾ?"

ಮುಂಡಪ್ಪ ನೆನಪು ಮಾಡಿಕೊಂಡರು. "ಇಲ್ಲ. ಮೇಜಿನ ಮೇಲೆ ಬಿದ್ದದ್ದು ಓಡಿ ಹೋಗಿ ಕೋಟಿನ ಕಾಲರಿನ ಅಡಿಗೆ ನುಗ್ಗಿತು."

"ಅದೇ ನೋಡಿ ಅದರ ಗುಣ" ಎಂದಳು ಸ್ವರ್ಣಲತಾ, ಭೂತಗನ್ನಡಿಯನ್ನು ಲೋಟದ ಮೇಲೆ ಹಿಡಿಯುತ್ತ.

ಶನಿವಾರದ ಮಧ್ಯಾಹ್ನ. ಮೂಡುಬಿದಿರೆಯ ಆ ಹೈಸ್ಕೂಲಿನಲ್ಲಿ ಮಕ್ಕಳೆಲ್ಲ ಮನೆಗೆ ಹೋಗಿಯಾಗಿತ್ತು. ವಿಜ್ಞಾನದ ಟೀಚರಾದ ಸ್ವರ್ಣಲತಾ, ಅವಳ ತಾಯಿಯ ತಮ್ಮನಾದ ಮುಂಡಪ್ಪ, ಮತ್ತು ಮೇಜಿನ ಮೇಲೆ ಹರಡಿದ ಒಂದು ಕಂದು ಉಣ್ಣೆಯ ಕೋಟು. ಕೋಣೆಯಲ್ಲಿ ಇದ್ದದ್ದು ಇಷ್ಟೇ.

ವೇಣೂರಿನ ದೊಡ್ಡ ಜಮೀನುದಾರ ಕುಶಾಲಪ್ಪ ಹೋದ ವಾರ ಒಂದು ಬೆಳಗ್ಗೆ ಅಬ್ದುಲ್ ರವೂಫನ ದೋಣಿ ಹತ್ತಿದವರು ಮತ್ತೆ ಮನೆಗೆ ಬಂದಿರಲಿಲ್ಲ. ಮೂರನೆಯ ದಿನ ಈ ಕೋಟು ಫಲ್ಗುಣಿ ಹೊಳೆಯ ಮರಳಿನ ಮೇಲೆ ಸಿಕ್ಕಿತ್ತು. ದೋಣಿಯ ರವೂಫ್ ಲಾಕಪ್ಪಿನಲ್ಲಿದ್ದ.

"ಕುಶಾಲಪ್ಪರ ಸೋದರಳಿಯ ಲೋಕನಾಥನ ಹೇಳಿಕೆ ಗಟ್ಟಿ ಉಂಟು" ಎಂದರು ಮುಂಡಪ್ಪ. "ಮಾವನಿಗೆ ತಾನೇ ಕೋಟು ತೊಡಿಸಿ ಕಳಿಸಿದೆ, ಅದೇ ಕೋಟಿನಲ್ಲಿ ಅವರು ದೋಣಿ ಹತ್ತಿದ್ದನ್ನು ದಡದಲ್ಲಿ ನಿಂತು ನೋಡಿದೆ ಅಂತಾನೆ. ರವೂಫ್ ಹೇಳುವುದು, ಮೈಮೇಲೆ ಕೋಟೇ ಇರಲಿಲ್ಲ, ಆಚೆ ದಡದಲ್ಲಿ ಇಳಿಸಿ ಬಂದೆ ಅಂತ. ಆಚೆ ದಡದಲ್ಲಿ ಯಾರೂ ನೋಡಲಿಲ್ಲ. ಇಬ್ಬರಲ್ಲಿ ಒಬ್ಬ ಸುಳ್ಳ. ರವೂಫನ ಮುಖ ನೋಡಿದರೆ ಸುಳ್ಳ ಅನ್ನಿಸುವುದಿಲ್ಲ. ಆದರೆ ಮುಖವನ್ನು ಕೋರ್ಟಿಗೆ ಸಾಕ್ಷಿ ಅಂತ ಕೊಡಲಿಕ್ಕೆ ಆಗ್ತದಾ?"

"ಮುಖ ಬೇಡ. ಇದನ್ನು ಕೊಡುವ" ಎಂದು ಸ್ವರ್ಣಲತಾ ಲೋಟದ ಕಡೆ ಬೊಟ್ಟು ಮಾಡಿದಳು.

ಮುಂಡಪ್ಪ ನಗಲು ಹೋದವರು ಅವಳ ಮುಖ ನೋಡಿ ನಿಲ್ಲಿಸಿದರು. ಮದರಾಸಿನಲ್ಲಿ ಓದಿ ಬಂದ ಈ ಸೋದರಸೊಸೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುವವಳು. ಗೊತ್ತುಂಟು ಎಂದರೆ ಮತ್ತೆ ಅದರಲ್ಲಿ ಅಲುಗಾಟವಿಲ್ಲ.

"ಬನ್ನಿ, ಕನ್ನಡಿಯಲ್ಲಿ ನೋಡಿ. ಮುಂದಿನ ರೆಕ್ಕೆಯಲ್ಲಿ ಮೂರು ಕಪ್ಪು ಚುಕ್ಕೆ ಕಾಣ್ತದಾ? ರೆಕ್ಕೆಯ ಅಂಚಿಗೆ ಕುಚ್ಚು ಕಟ್ಟಿದ ಹಾಗೆ ರೋಮ. ತಲೆಯ ಮೇಲೆ ಕೆದರಿದ ಕೂದಲು. ಅಕ್ಕಿಯ ಪತಂಗಕ್ಕೆ ಈ ಚುಕ್ಕೆ ಇಲ್ಲ, ಅದು ಬೂದಿ ಬಣ್ಣ, ಗಾತ್ರವೂ ದೊಡ್ಡದು. ಭತ್ತದ ಪತಂಗ ಒಣಹುಲ್ಲಿನ ಬಣ್ಣಕ್ಕೆ ಹೊಳೆಯುತ್ತದೆ. ಇದು ಬಟ್ಟೆಯ ನುಸಿ. ಅದರಲ್ಲಿಯೂ ಗೂಡು ಹೊತ್ತು ತಿರುಗುವ ಜಾತಿ."

"ಕೋಟಿಗೆ ತೂತು ಮಾಡಿದ್ದು ಇದೇ ಅನ್ನು."

"ಇದಲ್ಲ, ಇದರ ಬಾಲ್ಯ! ರೆಕ್ಕೆ ಬಂದ ಮೇಲೆ ಇದಕ್ಕೆ ಊಟವೇ ಇಲ್ಲ. ಜೋಡಿಯಾಗುವುದು, ಮೊಟ್ಟೆ ಇಡುವುದು, ಸಾಯುವುದು. ತಿನ್ನುವುದೆಲ್ಲ ಹುಳವಾಗಿದ್ದಾಗ. ಹತ್ತಿ ಬಟ್ಟೆ ಇದಕ್ಕೆ ಆಗುವುದಿಲ್ಲ. ಉಣ್ಣೆ, ಗರಿ, ಕೂದಲು ಬೇಕು. ಬೆವರು ಹಿಡಿದದ್ದಾದರೆ ಇನ್ನೂ ಇಷ್ಟ. ಮತ್ತೆ, ಯಾರೂ ಮುಟ್ಟದ ಕತ್ತಲೆ ಜಾಗ ಬೇಕು. ದಿನಾ ತೊಟ್ಟು ಬಿಸಿಲಿಗೆ ಹಾಕುವ ಬಟ್ಟೆಯಲ್ಲಿ ಇದರ ಸಂಸಾರ ನಡೆಯುವುದಿಲ್ಲ."

ಅವಳು ಕೋಟಿನ ಎಡತೋಳನ್ನು ಒಳಬದಿ ಹೊರಗೆ ಬರುವ ಹಾಗೆ ಮೆಲ್ಲನೆ ತಿರುಗಿಸಿದಳು. ಕಂಕುಳಿನ ಹೊಲಿಗೆಯಲ್ಲಿ ಜೀರಿಗೆ ಕಾಳಿನ ಹಾಗಿನ ಕಂದು ಗೂಡುಗಳು ಸಾಲಾಗಿ ಅಂಟಿಕೊಂಡಿದ್ದವು. ಒಳಪದರದ ಎರಡು ಮಡಿಕೆಗಳು ರೇಷ್ಮೆಯ ಎಳೆಯಿಂದ ಒಂದಕ್ಕೊಂದು ಕಟ್ಟಿದಂತೆ ಇದ್ದವು. ಒಂದು ಗೂಡಿನ ಬಾಯಿಯಲ್ಲಿ ಬರಿದಾದ ಸಿಪ್ಪೆ ಅರ್ಧ ಹೊರಗೆ ಚಾಚಿತ್ತು.

"ನಮ್ಮ ಲೋಟದ ಮಹಾರಾಯ ಹುಟ್ಟಿದ್ದು ಇಲ್ಲಿಂದ. ಸಿಪ್ಪೆ ಹಸಿಯಾಗಿಯೇ ಉಂಟು" ಎಂದಳು. "ಹುಳ ಮೊದಲ ದಿನದಿಂದಲೇ ತಿಂದ ಉಣ್ಣೆಯ ಎಳೆಯಿಂದ ಒಂದು ಕೊಳವೆ ನೇಯ್ದುಕೊಳ್ತದೆ. ಎರಡು ಕಡೆಯೂ ಬಾಯಿ. ತಲೆ ಹೊರಗೆ ಹಾಕಿ ನಡೆಯುತ್ತ, ತಿನ್ನುತ್ತ, ಗೂಡನ್ನು ಎಳೆದುಕೊಂಡೇ ತಿರುಗುತ್ತದೆ. ಮೈ ಬೆಳೆದ ಹಾಗೆ ಗೂಡನ್ನೂ ಎರಡು ತುದಿಯಲ್ಲಿ ಉದ್ದ ಮಾಡುತ್ತದೆ. ಬೆಳೆದು ಮುಗಿದ ಮೇಲೆ ಒಂದು ಸಂದು ಹುಡುಕಿ ಗೂಡನ್ನು ಬಿಗಿದು ಕಟ್ಟಿ, ಒಳಗೆ ಕೋಶವಾಗಿ ಮಲಗುತ್ತದೆ. ಮೊಟ್ಟೆಯಿಂದ ಇಲ್ಲಿಗೆ ಬರಲಿಕ್ಕೆ ತಿಂಗಳುಗಳೇ ಬೇಕು. ಕೋಶದ ನಿದ್ದೆಯೇ ಎರಡು ವಾರಕ್ಕೆ ಕಡಿಮೆ ಇಲ್ಲ. ಈಗ ಹೇಳಿ ಮಾವ, ಕುಶಾಲಪ್ಪ ಕಾಣೆಯಾದದ್ದು ಯಾವಾಗ?"

"ಹೋದ ವಾರ."

"ಅಂದರೆ ಅವರು ದೋಣಿ ಹತ್ತುವ ಮೊದಲೇ ಈ ಗೂಡುಗಳು ಇಲ್ಲಿ ಕಟ್ಟಿಯಾಗಿದ್ದವು. ಈ ತೋಳಿನಲ್ಲಿ ಒಮ್ಮೆ ಕೈ ತೂರಿಸಿದ್ದರೂ ಒಂದೂ ಉಳಿಯುತ್ತಿರಲಿಲ್ಲ."

ಮುಂಡಪ್ಪ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟರು. "ಅವತ್ತು ಈ ಕೋಟನ್ನು ಯಾರೂ ತೊಡಲಿಲ್ಲ!"

"ಅವತ್ತು ಮಾತ್ರ ಅಲ್ಲ, ಮಳೆಗಾಲದಿಂದ ಈಚೆಗೆ ತೊಟ್ಟವರಿಲ್ಲ."

ಅವಳು ಚಿಮಟದಿಂದ ಒಂದು ಗೂಡನ್ನು ಬಿಡಿಸಿ ಬಿಳಿ ಕಾಗದದ ಮೇಲೆ ಇಟ್ಟಳು. ಕನ್ನಡಿ ಹಿಡಿದವಳು ಬಹಳ ಹೊತ್ತು ಬಗ್ಗಿಯೇ ಇದ್ದಳು. ಮತ್ತೆ ಎದ್ದಾಗ ಅವಳ ಕಣ್ಣು ಮಿನುಗುತ್ತಿತ್ತು.

"ಮಾವ, ಈ ಗೂಡಿನ ನಡು ಭಾಗ ಕೆಂಪು."

"ಕೆಂಪಾದರೆ?"

"ಕಾಲೇಜಿನಲ್ಲಿ ನಾನು ಇವನ್ನು ಸಾಕಿದ್ದೆ. ಹಸಿರು ಉಣ್ಣೆ ಕೊಟ್ಟರೆ ಹಸಿರು ಗೂಡು, ಹಳದಿ ಕೊಟ್ಟರೆ ಹಳದಿ. ನಡುವೆ ಬದಲಾಯಿಸಿದರೆ ಪಟ್ಟೆ ಪಟ್ಟೆ. ತುದಿಯಲ್ಲಿ ಸೇರಿಸುತ್ತ ಹೋಗುವುದರಿಂದ ನಡು ಭಾಗವೇ ಹಳೆಯದು. ಈ ಹುಳ ಹುಟ್ಟಿದ್ದು ಕೆಂಪು ಉಣ್ಣೆಯ ಮೇಲೆ. ಕೋಟಿಗೆ ಬಂದದ್ದು ಆಮೇಲೆ. ಕೋಟು ಇದ್ದ ಜಾಗದಲ್ಲಿ ಕೆಂಪು ಉಣ್ಣೆಯ ಇನ್ನೊಂದು ಬಟ್ಟೆ ಉಂಟು. ನಮ್ಮ ಈ ಸೆಕೆಯ ಊರಿನಲ್ಲಿ ಉಣ್ಣೆ ಬಟ್ಟೆ ಎಷ್ಟು ಮನೆಯಲ್ಲಿ ಇರ್ತದೆ?"

ಮುಂಡಪ್ಪ ಟೊಪ್ಪಿ ಹಾಕಿಕೊಂಡರು. "ಏಳು. ವೇಣೂರಿಗೆ ಹೋಗುವ."

"ಬಲತೋಳನ್ನು ನಾನು ಮುಟ್ಟಲಿಲ್ಲ. ಹಾಗೆಯೇ ಇರಲಿ. ಬೇಕಾಗ್ತದೆ" ಎನ್ನುತ್ತ ಅವಳು ಕೋಟನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿದಳು.

ಜೀಪು ವೇಣೂರಿನ ದೋಣಿಕಡವಿನ ಹತ್ತಿರ ಬಂದಾಗ ರವೂಫನ ದೋಣಿ ದಡದಲ್ಲಿ ಸರಪಳಿ ಹಾಕಿ ನಿಂತಿತ್ತು. ಅದರ ಪಕ್ಕ ನಿಂತಿದ್ದ ಹೆಂಗಸು ಪೊಲೀಸರ ಗಾಡಿ ಕಂಡದ್ದೇ ಓಡಿ ಬಂದಳು. ರವೂಫನ ಹೆಂಡತಿ ಖದೀಜ.

"ಸಾಹೇಬರೇ, ಇವತ್ತಾದರೂ ಬಿಡ್ತೀರಾ ಅವರನ್ನು? ಊರಿನವರು ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಾರೆ."

ಸ್ವರ್ಣಲತಾ ಜೀಪಿನಿಂದ ಇಳಿದಳು. "ಖದೀಜಮ್ಮ, ಅವತ್ತು ಯಜಮಾನರ ಮೈಮೇಲೆ ಎಂತ ಇತ್ತು ಅಂತ ನಿಮ್ಮವರು ಹೇಳಿದ್ದರಾ?"

"ಬಿಳಿ ಜುಬ್ಬ, ಬಿಳಿ ಮುಂಡು. ಚಳಿಗೆ ನಡುಗ್ತಾ ಇದ್ದರಂತೆ. ಇವರು ದೋಣಿಯಲ್ಲಿದ್ದ ಗೋಣಿಯನ್ನು ಹೊದಿಸಿದರಂತೆ. ಕೋಟು ಇದ್ದ ಮನುಷ್ಯನಿಗೆ ಗೋಣಿ ಎಂತಕ್ಕೆ ಟೀಚರಮ್ಮ?"

"ಇದನ್ನು ಠಾಣೆಯಲ್ಲಿ ಹೇಳಿದಿರಾ?"

"ಹೇಳಿದೆ. ಹೆಂಡತಿಯ ಮಾತನ್ನು ಯಾರು ಬರೆದುಕೊಳ್ತಾರೆ?"

ಮುಂಡಪ್ಪ ಹೊಳೆಯ ಕಡೆ ನೋಡಿದರು. ಆ ಮಾತು ಅವರಿಗೆ ಚುಚ್ಚಿತ್ತು. "ಇವತ್ತು ಬರೆದುಕೊಳ್ತೇನೆ. ನೀನೂ ಬಾ" ಎಂದು ಅವಳನ್ನೂ ಜೀಪಿಗೆ ಹತ್ತಿಸಿಕೊಂಡರು.

ಕುಶಾಲಪ್ಪರ ಮನೆಯ ಚಾವಡಿಯಲ್ಲಿ ಲೋಕನಾಥ ಎದ್ದು ನಿಂತು ಸ್ವಾಗತಿಸಿದ. ಇಪ್ಪತ್ತೈದರ ಆಸುಪಾಸಿನ, ಕ್ರಾಪು ತಿದ್ದಿ ಬಾಚಿದ ಹುಡುಗ. ಅವನ ತಾಯಿ, ಅಂದರೆ ಕುಶಾಲಪ್ಪರ ತಂಗಿ ಸೇಸಮ್ಮ, ಬಾಗಿಲ ಬಳಿ ಕಂಬಕ್ಕೆ ಒರಗಿ ನಿಂತಿದ್ದರು. ಅತ್ತು ಅತ್ತು ಕಣ್ಣು ಊದಿತ್ತು. ಖದೀಜ ಅಂಗಳದಲ್ಲೇ ಉಳಿದಳು.

"ಹೆಣ ಸಿಕ್ಕಿತಾ ಸಾರ್?" ಲೋಕನಾಥ ಕೇಳಿದ.

"ಇಲ್ಲ" ಎಂದರು ಮುಂಡಪ್ಪ. "ಕೋಟಿನ ವಿಷಯ ಇನ್ನೊಮ್ಮೆ ಕೇಳಲಿಕ್ಕುಂಟು. ಇವಳು ನನ್ನ ಸೊಸೆ, ಮೂಡುಬಿದಿರೆಯಲ್ಲಿ ಟೀಚರು. ಇವಳು ಕೇಳ್ತಾಳೆ, ನೀನು ಹೇಳು."

ಲೋಕನಾಥನ ತುಟಿಯಲ್ಲಿ ಸಣ್ಣ ನಗು ಸುಳಿಯಿತು. ಟೀಚರೆಂದರೆ ಪಾಠ ಒಪ್ಪಿಸಿದರಾಯಿತು ಎಂದುಕೊಂಡಿರಬೇಕು.

"ಕೇಳಿ ಟೀಚರ್."

"ಆ ಬೆಳಗ್ಗೆ ಮಾವನಿಗೆ ಕೋಟು ತೊಡಿಸಿದ್ದು ನೀವೇ ಅಲ್ವಾ?"

"ನಾನೇ. ಚಳಿ ಉಂಟು ಅಂತ ಒತ್ತಾಯ ಮಾಡಿ ಎರಡೂ ಕೈ ತೂರಿಸಿ ಗುಂಡಿ ಹಾಕಿದೆ."

"ದಿನಾ ತೊಡ್ತಿದ್ದರಾ?"

"ಚಳಿ ಸುರುವಾದಂದಿನಿಂದ ದಿನಾ."

"ಎರಡೂ ಕೈ ಅಂದಿರಿ. ಖಂಡಿತವಾ?"

"ಖಂಡಿತ. ಎಷ್ಟು ಸಲ ಹೇಳುವುದು?"

ಸ್ವರ್ಣಲತಾ ಪೆಟ್ಟಿಗೆಯಿಂದ ಕೋಟನ್ನು ಎತ್ತಿ ಅವನ ಮುಂದೆ ಹಿಡಿದಳು. "ಹಾಗಾದರೆ ನೀವೂ ಒಮ್ಮೆ ಕೈ ತೂರಿಸಿ. ಬಲಗೈ ಸಾಕು."

ಲೋಕನಾಥ ಇನ್ಸ್‌ಪೆಕ್ಟರರ ಮುಖ ನೋಡಿದ. ಅವರು ಟಾರ್ಚು ಹೊತ್ತಿಸಿ ತೋಳಿನೊಳಗೆ ಬೆಳಕು ಬಿಟ್ಟು, ಸೇಸಮ್ಮನನ್ನು ಕರೆದರು. "ನೀವು ಮೊದಲು ನೋಡಿ ಅಮ್ಮ. ಒಳಗೆ ಎಂತ ಕಾಣ್ತದೆ?"

ಸೇಸಮ್ಮ ಬಗ್ಗಿದರು. "ಅಯ್ಯೋ, ನುಸಿ ಹಿಡಿದಿದೆ. ಗೂಡು ಕಟ್ಟಿಕೊಂಡಿದೆ. ಬಟ್ಟೆಯೇ ಒಂದಕ್ಕೊಂದು ಅಂಟಿದೆ."

"ಹಾಂ. ಈಗ ಕೈ ಹಾಕಿ ಲೋಕನಾಥರೇ" ಎಂದಳು ಸ್ವರ್ಣಲತಾ.

ಬೇರೆ ದಾರಿ ಇರಲಿಲ್ಲ. ಅವನು ಕೈ ತೂರಿಸಿದ. ಕಂಕುಳಿನ ಹತ್ತಿರ ಬೆರಳು ತಡೆಯಿತು. ಇನ್ನಷ್ಟು ನೂಕಿದಾಗ ಒಳಗೆ ಏನೋ ಪರಪರನೆ ಹರಿಯಿತು. ಕೈ ಹೊರಗೆ ಬಂದಾಗ ಬೆರಳಿಗೆಲ್ಲ ಬಿಳಿ ಎಳೆ ಸುತ್ತಿಕೊಂಡಿತ್ತು. ತೋಳನ್ನು ಕೆಳಗೆ ಮಾಡಿದಾಗ ಗೂಡುಗಳು ಸಗಣಿ ಸಾರಿಸಿದ ನೆಲದ ಮೇಲೆ ಉದುರಿದವು. ಒಂದು ಪತಂಗ ಎದ್ದು ಕಂಬದ ನೆರಳಿಗೆ ಓಡಿತು.

"ನೀವು ಒಮ್ಮೆ ಕೈ ಹಾಕಿದ್ದಕ್ಕೆ ಇಷ್ಟು ಉದುರಿತು" ಎಂದಳು ಸ್ವರ್ಣಲತಾ. ಅವಳ ದನಿ ಏರಲೇ ಇಲ್ಲ. "ನಿಮ್ಮ ಮಾವ ದಿನಾ ತೊಟ್ಟಿದ್ದರೆ ಇವು ಉಳಿದದ್ದು ಹೇಗೆ?"

ಲೋಕನಾಥ ಆದರೂ ಸೋಲಲಿಲ್ಲ. "ಕೋಟು ಠಾಣೆಯಲ್ಲಿ ಬಿದ್ದಿತ್ತಲ್ಲ? ಅಲ್ಲಿ ಹಿಡಿದಿರಬಹುದು ನುಸಿ."

"ಠಾಣೆಯಲ್ಲಿದ್ದದ್ದು ನಾಲ್ಕೈದು ದಿನ. ಅಷ್ಟರಲ್ಲಿ ಇದರ ಮೊಟ್ಟೆಯೂ ಒಡೆಯುವುದು ಕಷ್ಟ. ಮೊಟ್ಟೆ ಒಡೆದು, ಹುಳ ಬೆಳೆದು, ಗೂಡು ಕಟ್ಟಿ, ಕೋಶವಾಗಿ, ರೆಕ್ಕೆ ಬರಲಿಕ್ಕೆ ಒಂದು ಮಳೆಗಾಲ ಬೇಕು. ಪೊಲೀಸರ ಮೇಲೆ ಹಾಕಬೇಡಿ."

ಅಂಗಳದಿಂದ ಖದೀಜ ಮೆಟ್ಟಿಲ ತನಕ ಬಂದಿದ್ದಳು. "ನನ್ನ ಮನೆಯವರು ನಿಮ್ಮನ್ನು ಮಳೆಗಾಲದ ನೆರೆಯಲ್ಲಿ ದಾಟಿಸಿದ್ದು ಮರೆತುಹೋಯಿತಾ ಲೋಕನಾಥಣ್ಣ?"

ಲೋಕನಾಥ ಕೈಗೆ ಅಂಟಿದ ಎಳೆಯನ್ನು ಪಂಚೆಗೆ ಒರೆಸಿದ. ಅದು ಹೋಗಲಿಲ್ಲ.

"ಮಾವ ಕೋಟು ಹಾಕಿರಲಿಲ್ಲ" ಎಂದ ಕೊನೆಗೆ. "ಮರಳಿನ ಮೇಲೆ ಇಟ್ಟದ್ದು ನಾನು."

ಸೇಸಮ್ಮ ಮಗನ ಕಡೆಯಿಂದ ಮುಖ ತಿರುಗಿಸಿದರು.

ಮುಂಡಪ್ಪ ತಡಮಾಡಲಿಲ್ಲ. ಚಾವಡಿಯಿಂದಲೇ ಜೀಪಿನಲ್ಲಿ ಕಾಯುತ್ತಿದ್ದ ಪೊಲೀಸನನ್ನು ಕೂಗಿದರು. "ಈ ಖದೀಜಮ್ಮನನ್ನು ಕರೆದುಕೊಂಡು ಠಾಣೆಗೆ ಹೋಗು. ರವೂಫನನ್ನು ಹೊರಗೆ ಕೂರಿಸಿ ಚಾ ಕೊಡಲಿಕ್ಕೆ ಹೇಳು. ನಾನು ಬಂದು ಬಿಡುಗಡೆಯ ಕೆಲಸ ಮುಗಿಸ್ತೇನೆ."

ಖದೀಜ ಸ್ವರ್ಣಲತಾಳ ಕೈಯನ್ನು ಎರಡೂ ಕೈಯಿಂದ ಒಮ್ಮೆ ಬಿಗಿಯಾಗಿ ಹಿಡಿದು ಜೀಪಿನ ಕಡೆಗೆ ಓಡಿದಳು.

"ಇನ್ನು ಹೇಳು" ಮುಂಡಪ್ಪ ಲೋಕನಾಥನ ಎದುರು ಕುರ್ಚಿ ಎಳೆದು ಕುಳಿತರು. "ಕೋಟು ಎಲ್ಲಿಂದ ತೆಗೆದೆ?"

"ಇಲ್ಲಿಂದಲೇ. ಮಾವನ ಪೆಟ್ಟಿಗೆಯಿಂದ."

"ಪೆಟ್ಟಿಗೆ ತೋರಿಸ್ತೀರಾ?" ಸ್ವರ್ಣಲತಾ ತಟ್ಟನೆ ಕೇಳಿದಳು.

ಒಳಕೋಣೆಯಲ್ಲಿ ಕಪ್ಪು ತಗಡಿನ ದೊಡ್ಡ ಪೆಟ್ಟಿಗೆ ಇತ್ತು. ಮುಚ್ಚಳ ಎತ್ತಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಮುಂಡು, ಜುಬ್ಬ, ಶಾಲು ಎಲ್ಲ ಹತ್ತಿಯವು. ಮಡಿಕೆ ಮಡಿಕೆಗೂ ಬಿಳಿ ಗುಳಿಗೆ. ಸ್ವರ್ಣಲತಾ ಮೂಲೆಗಳಲ್ಲಿ ಬೆರಳಾಡಿಸಿದಳು. ಹುಳವಿಲ್ಲ, ಹಿಕ್ಕೆಯಿಲ್ಲ, ಕೆಂಪು ಉಣ್ಣೆಯ ಒಂದು ಎಳೆಯೂ ಇಲ್ಲ.

"ಈ ವಾಸನೆಯಲ್ಲಿ ಆ ಹುಳ ಬದುಕುವುದಿಲ್ಲ" ಎಂದಳು. "ಕೋಟಿಗೆ ಈ ವಾಸನೆಯೇ ಇಲ್ಲ. ಇದು ಎರಡನೆಯ ಸುಳ್ಳು ಲೋಕನಾಥರೇ."

ಸೇಸಮ್ಮ ಹಿಂದೆಯೇ ಬಂದಿದ್ದರು. ಮಗನ ಕಡೆ ನೋಡದೆ ಪೆಟ್ಟಿಗೆಯ ಮುಂದೆ ಕುಳಿತು, ಬಟ್ಟೆಗಳನ್ನು ಒಂದೊಂದಾಗಿ ಹೊರಗಿಟ್ಟರು. ಎಲ್ಲಕ್ಕಿಂತ ಅಡಿಯಿಂದ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಂಟನ್ನು ಎತ್ತಿ ಬಿಚ್ಚಿದರು.

ಒಳಗೆ ಕಂದು ಉಣ್ಣೆಯ ಕೋಟು ಇತ್ತು. ಅದೇ ಬಟ್ಟೆ, ಅದೇ ಹೊಲಿಗೆ, ಅದೇ ಗುಂಡಿ. ಎಲ್ಲಿಯೂ ಒಂದು ತೂತಿಲ್ಲ.

"ದೊಡ್ಡಣ್ಣ ಕುಶಾಲಪ್ಪರ ಕೋಟು ಇದು" ಎಂದರು ಸೇಸಮ್ಮ. "ನಾಲ್ಕು ವರ್ಷದಿಂದ ತೊಟ್ಟಿಲ್ಲ. ಬಿಗಿಯಾಗ್ತದೆ ಅಂತ ನನ್ನ ಕೈಯಲ್ಲಿ ಕಟ್ಟಿಸಿ ಇಡಿಸಿದ್ದರು. ಇವನಿಗೆ ಅದು ಗೊತ್ತಿರಲಿಲ್ಲ. ಅವತ್ತು ನನಗೆ ತಿಳಿಯದೆ ತೆಗೆದು ತೊಟ್ಟಿರಬೇಕು ಅಂತ ನಾನೂ ನಂಬಿದ್ದೆ."

ಲೋಕನಾಥ ಎರಡು ಕೋಟುಗಳನ್ನೂ ನೋಡಿದ. ಮುಖ ಬಿಳಿಚಿಕೊಂಡಿತು.

"ಹಾಗಾದರೆ ನಮ್ಮ ಹತ್ತಿರ ಇರುವುದು ಯಾರದ್ದು ಅಮ್ಮ?" ಮುಂಡಪ್ಪ ಕೇಳಿದರು.

ಸೇಸಮ್ಮ ನುಸಿ ತಿಂದ ಕೋಟಿನ ಕಾಲರನ್ನು ಎತ್ತಿ ಹಿಂಬದಿ ನೋಡಿದರು. ಹೊಲಿಗೆಯ ಮೇಲೆ ಬೆರಳು ನಿಂತಿತು. "ಈ ತೇಪೆ ನಾನು ಹಾಕಿದ್ದು... ಯುದ್ಧ ಮುಗಿದ ವರ್ಷ ದೊಡ್ಡಣ್ಣ ಮಂಗಳೂರಿನಲ್ಲಿ ಒಂದೇ ಥಾನು ಬಟ್ಟೆಯಿಂದ ಎರಡು ಕೋಟು ಹೊಲಿಸಿದರು. ಒಂದು ಅವರಿಗೆ, ಒಂದು ಸಣ್ಣಣ್ಣ ತುಕ್ರಪ್ಪನಿಗೆ. ಸಣ್ಣಣ್ಣ ಇದನ್ನು ತೊಟ್ಟುಕೊಂಡೇ ಬೊಂಬಾಯಿಗೆ ಹೋದದ್ದು. ಅಲ್ಲಿ ಸತ್ತರು ಅಂತ ದೊಡ್ಡಣ್ಣನೇ ಸುದ್ದಿ ತಂದರು. ಊರಿಗೆಲ್ಲ ಊಟ ಹಾಕಿ ಬೊಜ್ಜ, ಉತ್ತರಕ್ರಿಯೆ ಎಲ್ಲ ಮಾಡಿದ್ದೇವೆ. ಸತ್ತವನ ಕೋಟು ಇಲ್ಲಿ ಹೇಗೆ ಬಂತು?"

ಮುಂಡಪ್ಪ ಎರಡು ಕೋಟುಗಳನ್ನೂ ಅಕ್ಕಪಕ್ಕ ಹಾಸಿದರು.

ಸ್ವರ್ಣಲತಾಳ ತಲೆಯಲ್ಲಿ ಲೆಕ್ಕ ಕೂಡುತ್ತಿತ್ತು. ಹುಳಗಳು ಜೀವಂತ ಇವೆ. ಗುಳಿಗೆ ಕಾಣದ, ಬೆಳಕು ಬೀಳದ ಒಂದು ಕೋಣೆಯಲ್ಲಿ ಈ ಕೋಟು ಮೊನ್ನೆಮೊನ್ನೆಯವರೆಗೂ ಕೆಂಪು ಉಣ್ಣೆಯೊಂದರ ಜತೆ ಬಿದ್ದಿತ್ತು. ಮೂರೇ ದಿನದಲ್ಲಿ ಮರಳಿಗೆ ಬಂದದ್ದಾದರೆ ಬೊಂಬಾಯಿಯಲ್ಲಿ ಅಲ್ಲ, ಇಲ್ಲೇ, ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ.

"ಲೋಕನಾಥರೇ" ಎಂದಳು ಅವಳು. "ಇದನ್ನು ನಿಮಗೆ ಕೊಟ್ಟವರು ಯಾರು?"

ಅವನು ತಾಯಿಯ ಪಕ್ಕ ನೆಲದ ಮೇಲೆ ಕುಳಿತುಬಿಟ್ಟ.

"ದೊಡ್ಡ ಮಾವನೇ."

"ದೋಣಿ ಹತ್ತುವ ಮೊದಲಾ?"

"ಅಲ್ಲ. ನಾವೆಲ್ಲ ಹೊಳೆಗೆ ಬಲೆ ಹಾಕಿ ಅವರ ಹೆಣ ಹುಡುಕಿದೆವಲ್ಲ? ಅದರ ಮರುದಿನ. ಬಂಟ್ವಾಳದ ಒಂದು ಬಾಡಿಗೆ ಮನೆಗೆ ನನ್ನನ್ನು ಕರೆಸಿದರು. ಕೋಟು ಕೈಗೆ ಕೊಟ್ಟು, ಇದನ್ನು ಮರಳಿನ ಮೇಲೆ ಇಡು, ನಾನು ತೊಟ್ಟಿದ್ದೆ ಅಂತ ಹೇಳು, ಸ್ವಲ್ಪ ದಿನ ನಾನು ಸತ್ತವನಾಗಿರಬೇಕು ಅಂದರು. ರವೂಫನನ್ನು ಹಿಡೀತಾರೆ ಅಂತ ನನಗೆ ಗೊತ್ತಿರಲಿಲ್ಲ ಸಾರ್. ಮತ್ತೆ ಮಾತು ಹಿಂದೆ ತೆಗೆಯಲಿಕ್ಕೆ ಧೈರ್ಯ ಬರಲಿಲ್ಲ."

ಸೇಸಮ್ಮ ಮಗನ ಭುಜ ಹಿಡಿದು ಅಲುಗಿಸಿದರು. "ಹಾಗಾದರೆ ಅಣ್ಣ ಬದುಕಿದ್ದಾರಾ? ಹೇಳೋ!"

"ಅವತ್ತು ಬದುಕಿದ್ದರು" ಎಂದ ಲೋಕನಾಥ. "ನಿನ್ನೆ ಪುನಃ ಹೋದೆ. ಬಾಗಿಲು ಹಾರು ಹೊಡೆದಿತ್ತು. ಕರೆದೆ, ಯಾರೂ ಓಗೊಡಲಿಲ್ಲ. ಒಳಗೆ ಹೋಗಿ ನೋಡಿದರೆ ಮೂಲೆಯಲ್ಲಿ ನುಸಿ ಹಿಡಿದ ಕೆಂಪು ಕಂಬಳಿ, ನಡುವೆ ಎರಡು ಬಾಳೆಲೆ ಹಾಕಿ ಅನ್ನ ಬಡಿಸಿತ್ತು ಅಮ್ಮ. ಎರಡನ್ನೂ ಯಾರೂ ಮುಟ್ಟಿರಲಿಲ್ಲ. ಬಾವಿಕಟ್ಟೆಯ ಮೇಲೆ ದೊಡ್ಡ ಮಾವನ ಕನ್ನಡಕ ಒಡೆದು ಬಿದ್ದಿತ್ತು."